ಹಳೆಯ ಡ್ರಮ್ ಸೆಟ್ಟಿನ ಶೆಲ್‌ಗಳಿಗೆ ಮನೆಯಲ್ಲೇ ಮರದ ವಿನಿಯರ್ ಅಂಟಿಸಬಹುದೇ?

ಕಡಲತಡಿ, ಮಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಿನ ಗಾಯನ ತಂಡದವರು ಹೊಸ ಡ್ರಮ್ ಸೆಟ್ಟು ಕೊಂಡಾಗ, ಸುಮಾರು ಹದಿನೈದು ವರ್ಷ ಬಳಸಿ ಮೂಲೆಗಿಟ್ಟಿದ್ದ ಹಳೆಯದನ್ನು ನನಗೆ ಕೊಟ್ಟರು. ಅದರಲ್ಲಿ 22 ಅಂಗುಲದ ಬಾಸ್, 12 ಮತ್ತು 13 ಅಂಗುಲದ ಎರಡು ಟಾಮ್, 16 ಅಂಗುಲದ ಫ್ಲೋರ್ ಟಾಮ್ ಹಾಗೂ 14 ಅಂಗುಲದ ಸ್ನೇರ್ ಇವೆ. ಸ್ನೇರ್‌ನ ಶೆಲ್, ಅಂದರೆ ಡ್ರಮ್ಮಿನ ಒಡಲು, ಉಕ್ಕಿನದು. ಉಳಿದ ನಾಲ್ಕೂ ಪದರ ಪದರವಾಗಿ ಅಂಟಿಸಿದ ಮರದವು. ಅವುಗಳ ಮೇಲಿನ ಕಪ್ಪು ಪ್ಲಾಸ್ಟಿಕ್ ಹೊದಿಕೆ ಅಲ್ಲಲ್ಲಿ ಉಬ್ಬಿಕೊಂಡಿದ್ದು, 12 ಅಂಗುಲದ ಟಾಮ್‌ನಲ್ಲಂತೂ ಜೋಡಣೆಯೇ ಬಿಟ್ಟು ಒಣಗಿದ ಬಾಳೆಪಟ್ಟೆಯಂತೆ ಸುರುಳಿ ಸುತ್ತಿಕೊಂಡಿದೆ. ಬಿಟ್ಟ ಜಾಗದಲ್ಲಿ ಇಣುಕಿ ನೋಡಿದರೆ ಒಳಗಿನ ಮರ ಗಟ್ಟಿಯಾಗಿಯೇ ಇದೆ, ಗೆದ್ದಲು ಹಿಡಿದಿಲ್ಲ, ಪದರಗಳು ಬಿಟ್ಟಿಲ್ಲ.

ಈ ನಾಲ್ಕು ಶೆಲ್‌ಗಳಿಗೆ ತೇಗದ ವಿನಿಯರ್, ಅಂದರೆ ಮರದ ತೆಳು ಹಾಳೆ, ಹೊದಿಸಬೇಕೆಂಬುದು ನನ್ನ ಆಸೆ. ಪ್ಲೈವುಡ್ ಅಂಗಡಿಯಲ್ಲಿ ಕೇಳಿದಾಗ ಮೊದಲು ತೋರಿಸಿದ್ದು 8 ಅಡಿಗೆ 4 ಅಡಿಯ, 4 ಮಿಲಿಮೀಟರ್ ದಪ್ಪದ ಹಲಗೆಗೆ ಮೊದಲೇ ಅಂಟಿಸಿದ ಮಾಲು. ಅದು ಕಪಾಟಿನ ಬಾಗಿಲಿಗೆ ಸರಿ, 12 ಅಂಗುಲದ ದುಂಡಿಗೆ ಬಾಗುವುದಿಲ್ಲ ಎಂಬುದು ನನಗೂ ತಿಳಿಯಿತು. ಮತ್ತೊಂದು ಅಂಗಡಿಯವರು ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು ದಪ್ಪವಿರುವ, ಎಂಟಡಿ ಉದ್ದದ, ಒಂದಡಿಗಿಂತ ಒಂದಂಗುಲ ಕಡಿಮೆ ಅಗಲದ ಬರಿಯ ಹಾಳೆಗಳನ್ನು ಕೊಡುತ್ತೇನೆ ಎಂದರು. ಹಾಳೆಗಳು ಹಪ್ಪಳದಂತೆ ಅಲೆಯಲೆಯಾಗಿದ್ದವು. ನಾನು ಹಿಂದೆ ಅಡುಗೆಮನೆಯ ಕಪಾಟುಗಳಿಗೆ ಲ್ಯಾಮಿನೇಟ್ ಅಂಟಿಸಿದ್ದೇನೆ, ಡ್ರಿಲ್ಲು ಇದೆ, ಕ್ಲ್ಯಾಂಪುಗಳು ಹೆಚ್ಚಿಲ್ಲ. ಮರದ ಎಳೆ ಶೆಲ್ಲಿನ ಸುತ್ತ ಅಡ್ಡವಾಗಿ ಹೋಗಬೇಕೇ ಅಥವಾ ಮೇಲಿನಿಂದ ಕೆಳಕ್ಕೆ ಉದ್ದವಾಗಿ ಇರಬೇಕೇ? ಯಾವ ಅಂಟು ಬಳಸಬೇಕು? ನಮ್ಮ ಕರಾವಳಿಯ ಮಳೆಗಾಲವನ್ನು ಇದು ತಡೆದುಕೊಳ್ಳುತ್ತದೆಯೇ? ಅನುಭವ ಇದ್ದವರು ದಯವಿಟ್ಟು ತಿಳಿಸಬೇಕು.

ಉಳಿಸುತ್ತಿಗೆ, ಶಿವಮೊಗ್ಗ

ನಮಸ್ಕಾರ. ನಾನು ವೃತ್ತಿಯಿಂದ ಪೀಠೋಪಕರಣ ಮಾಡುವವನು. ನನ್ನ ಮಗನ ಸೆಟ್ಟಿಗೂ ಒಬ್ಬ ಗೆಳೆಯರ ಸೆಟ್ಟಿಗೂ ಈ ಕೆಲಸ ಮಾಡಿದ್ದೇನೆ. ನೀವು ಆ ಅಲೆಯಲೆಯಾದ ಬರಿಯ ಹಾಳೆಗಳನ್ನೇ ಕೊಳ್ಳಿರಿ, ಆದರೆ ತಂದ ದಿನವೇ ಅಂಟಿಸಲು ಹೋಗಬೇಡಿರಿ. ನಾಲ್ಕು ಪಾಲು ನೀರಿಗೆ ಒಂದು ಪಾಲು ಗ್ಲಿಸರಿನ್ ಬೆರೆಸಿ ಹಾಳೆಯ ಎರಡೂ ಮುಖಕ್ಕೆ ತೆಳುವಾಗಿ ಸಿಂಪಡಿಸಿ, ಮುದ್ರಣವಿಲ್ಲದ ಕಾಗದಗಳ ನಡುವೆ ಇಟ್ಟು, ಮೇಲೊಂದು ಪ್ಲೈವುಡ್ ಹಲಗೆ ಮತ್ತು ನಾಲ್ಕಾರು ಇಟ್ಟಿಗೆ ಹೇರಿ, ದಿನಕ್ಕೊಮ್ಮೆ ಕಾಗದ ಬದಲಿಸುತ್ತಾ ಮೂರು ನಾಲ್ಕು ದಿನ ಬಿಟ್ಟರೆ ಹಾಳೆ ಚಪ್ಪಟೆಯಾಗುತ್ತದೆ, ಬಾಗಿಸಿದರೆ ಸೀಳುವುದೂ ಇಲ್ಲ. ಅನಂತರ ಡ್ರಮ್ ಇರುವ ಕೋಣೆಯಲ್ಲೇ ಒಂದು ವಾರ ಬಿಡಿರಿ. ಮಳೆಗಾಲ ಮುಗಿದಿರುವುದರಿಂದ ಈಗ ಕೆಲಸಕ್ಕೆ ಸರಿಯಾದ ಕಾಲ. ಜುಲೈ ತಿಂಗಳಲ್ಲಿ ತೇವ ಕುಡಿದು ಹಿಗ್ಗಿದ ಹಾಳೆಯನ್ನು ಅಂಟಿಸಿದರೆ, ಅದು ಜನವರಿಯಲ್ಲಿ ಕುಗ್ಗಿ ಬಿರುಕು ಬಿಡುವುದನ್ನು ನೀವೇ ನೋಡಬೇಕಾಗುತ್ತದೆ.

ಎಳೆಯ ದಿಕ್ಕಿನ ಪ್ರಶ್ನೆಯೇ ಇಡೀ ಕೆಲಸದ ತಿರುಳು. ಮರವು ತೇವಕ್ಕೆ ಹಿಗ್ಗುವುದೂ ಒಣಹವೆಗೆ ಕುಗ್ಗುವುದೂ ಬಹುತೇಕ ಎಳೆಗೆ ಅಡ್ಡಲಾಗಿ. ಎಳೆಯ ಉದ್ದಕ್ಕೆ ಅದು ಅಲುಗುವುದು ತೀರ ಕಡಿಮೆ. ಎಳೆಯನ್ನು ಮೇಲಿನಿಂದ ಕೆಳಕ್ಕೆ ಇಟ್ಟರೆ ಹಾಳೆ ಸುಲಭವಾಗಿ ಸುತ್ತಿಕೊಳ್ಳುತ್ತದೆ ನಿಜ, ಆದರೆ ಸುತ್ತಳತೆಯ ಹಿಗ್ಗು ಕುಗ್ಗೆಲ್ಲವೂ ಜೋಡಣೆಯ ಗೆರೆಯ ಮೇಲೆಯೇ ಬೀಳುತ್ತದೆ. ಎಳೆ ಶೆಲ್ಲಿನ ಸುತ್ತ ಹೋದರೆ ಹಾಳೆ ಸ್ವಲ್ಪ ಹಟಮಾರಿಯಾಗಿ ಸಿಡಿದೇಳುತ್ತದೆ, ಆದರೆ ಜೋಡಣೆ ವರ್ಷಗಟ್ಟಲೆ ಮುಚ್ಚಿಕೊಂಡೇ ಇರುತ್ತದೆ. ಜೊತೆಗೆ ನಿಮ್ಮ ಹಾಳೆಯ ಅಗಲ 11 ಅಂಗುಲವಾದ್ದರಿಂದ ಎರಡೂ ಟಾಮ್‌ಗಳ ಆಳ ಒಂದೇ ಹಾಳೆಯಲ್ಲಿ ಮುಗಿಯಬಹುದು, ಪ್ರತಿಯೊಂದಕ್ಕೂ ಒಂದೇ ಜೋಡಣೆ ಸಾಕು. ಅದೇ ಎಳೆಯನ್ನು ನಿಲ್ಲಿಸಿದರೆ 12 ಅಂಗುಲದ ಟಾಮ್‌ಗೇ ನಾಲ್ಕು ತುಂಡು, ನಾಲ್ಕು ಜೋಡಣೆ. ಬಾಸ್ ಮತ್ತು ಫ್ಲೋರ್ ಟಾಮ್‌ಗೆ ಮಾತ್ರ ಎರಡು ಪಟ್ಟಿಗಳನ್ನು ಅಂಚಿಗೆ ಅಂಚು ಕೂಡಿಸಿ, ಮುಖದ ಕಡೆ ಅಂಟುಕಾಗದದ ಪಟ್ಟಿ ಹಾಕಿ ಅಗಲ ಮಾಡಿಕೊಳ್ಳಬೇಕು. ಲೆಕ್ಕದ ಪ್ರಕಾರ ಸುತ್ತಳತೆ 12 ಅಂಗುಲಕ್ಕೆ 37.7, 13ಕ್ಕೆ 40.8, 16ಕ್ಕೆ 50.3, 22ಕ್ಕೆ 69.1 ಅಂಗುಲ, ಆದರೆ ಹೆಡ್, ಅಂದರೆ ಬಡಿಯುವ ಪೊರೆ, ಸಡಿಲವಾಗಿ ಕೂರಲೆಂದು ಶೆಲ್ಲನ್ನು ಹೆಸರಿನ ಅಳತೆಗಿಂತ ತುಸು ಚಿಕ್ಕದಾಗಿಯೇ ಮಾಡಿರುತ್ತಾರೆ. ಆದ್ದರಿಂದ ಕಾಗದದ ಪಟ್ಟಿ ಸುತ್ತಿ ಅಳೆದು, ಅದಕ್ಕೆ ಎರಡು ಅಂಗುಲ ಸೇರಿಸಿ ಕತ್ತರಿಸಿರಿ.

ಅಂಟಿಗೆ ನಾನು ಬಳಸುವುದು ಮರಗೆಲಸದ ಬಿಳಿ ಅಂಟು, ಅಂದರೆ ಫೆವಿಕಾಲ್ ಎಸ್‌ಎಚ್ ಜಾತಿಯದು, ಜೊತೆಗೆ ಮನೆಯ ಇಸ್ತ್ರಿಪೆಟ್ಟಿಗೆ. ಶೆಲ್ಲಿಗೂ ಹಾಳೆಯ ಹಿಂಬದಿಗೂ ರೋಲರಿನಿಂದ ಸಮನಾಗಿ ಅಂಟು ಹಚ್ಚಿರಿ. ಅಂಟಿನ ನೀರು ಕುಡಿದು ಹಾಳೆ ಸುರುಳಿಯಾಗತೊಡಗಿದರೆ ಗಾಬರಿಯಾಗಬೇಡಿರಿ, ಮುಖದ ಕಡೆಗೂ ಒದ್ದೆ ಬಟ್ಟೆ ಆಡಿಸಿದರೆ ಅದು ಹಿಂದಕ್ಕೆ ಬರುತ್ತದೆ. ಅಂಚುಗಳಿಗೆ ಎರಡನೆಯ ಸಲ ಹಚ್ಚಿ, ಅಂಟು ಬಿಳಿ ಬಣ್ಣ ಕಳೆದು ಪಾರದರ್ಶಕವಾಗಿ ಒಣಗುವವರೆಗೆ ಕಾಯಿರಿ. ಒಣಗಿದ ಅಂಟು ಬಿಸಿಗೆ ಮತ್ತೆ ಕರಗಿ ಹಿಡಿಯುವ ಗುಣದ್ದಾದ್ದರಿಂದ, ಆಮೇಲೆ ಆವಿ ಇಲ್ಲದ ಇಸ್ತ್ರಿಯನ್ನು ಹತ್ತಿಬಟ್ಟೆಗಿಂತ ಒಂದು ಹಂತ ಕೆಳಗಿಟ್ಟು, ಜೋಡಣೆ ಬರುವ ಜಾಗದ ನೇರ ಎದುರು ಬದಿಯಿಂದ ಆರಂಭಿಸಿ ಎರಡೂ ಕಡೆಗೆ ನಿಧಾನವಾಗಿ ಒತ್ತುತ್ತಾ ಬನ್ನಿರಿ. ಇಸ್ತ್ರಿ ಸರಿದ ಕೂಡಲೇ ಮರದ ತುಂಡೊಂದರಿಂದ ಆ ಜಾಗವನ್ನು ತಣಿಯುವವರೆಗೆ ಅದುಮಬೇಕು.

ಎರಡೂ ತುದಿಗಳಲ್ಲಿ ಮೂರು ಮೂರು ಅಂಗುಲವನ್ನು ಬಿಸಿ ತಾಗಿಸದೆ ಉಳಿಸಿಕೊಳ್ಳಿರಿ. ಒಂದರ ಮೇಲೊಂದು ಹಾಯಿಸಿ, ಮೇಲೆ ಕಾಗದದ ಟೇಪ್ ಅಂಟಿಸಿ, ಉಕ್ಕಿನ ಅಳತೆಪಟ್ಟಿಯ ಗುಂಟ ಹೊಸ ಬ್ಲೇಡಿನಿಂದ ಎರಡು ಪದರಗಳನ್ನೂ ಒಟ್ಟಿಗೆ ಕತ್ತರಿಸಬೇಕು. ಒಂದೇ ಏಟಿಗೆ ಅಲ್ಲ, ಏಳೆಂಟು ಹಗುರ ಎಳೆತಗಳಲ್ಲಿ, ಏಕೆಂದರೆ ಇಲ್ಲಿ ನೀವು ಕತ್ತರಿಸುತ್ತಿರುವುದು ಎಳೆಗೆ ಅಡ್ಡವಾಗಿ. ಮೇಲಿನ ಮತ್ತು ಕೆಳಗಿನ ಚೂರುಗಳನ್ನು ತೆಗೆದರೆ ತುದಿಗಳೆರಡೂ ಕೂದಲೆಳೆಯೂ ತೂರದಂತೆ ಕೂಡಿಕೊಳ್ಳುತ್ತವೆ, ಆಗ ಕೊನೆಯದಾಗಿ ಆ ಭಾಗಕ್ಕೆ ಇಸ್ತ್ರಿ. ಜೋಡಣೆಯ ಗೆರೆ ಲಗ್‌ಗಳ (ಹೆಡ್ ಬಿಗಿಯುವ ತಿರುಪುಗಳು ಕೂರುವ ಲೋಹದ ತುಂಡುಗಳ) ಸಾಲಿನ ಅಡಿಗೆ, ಅದೂ ವಾದಕನ ಕಡೆಗೆ ಬರುವಂತೆ ಮೊದಲೇ ಗುರುತು ಹಾಕಿಕೊಂಡಿದ್ದರೆ ಅದನ್ನು ನೀವು ತೋರಿಸಿದ ಹೊರತು ಯಾರೂ ಕಾಣಲಾರರು.

ಎಡಗೈ ಡ್ರಮ್ಮರ್, ಬೆಂಗಳೂರು

ಮೇಲಿನವರ ಅನುಭವದ ಬಗ್ಗೆ ಗೌರವವಿದೆ, ಆದರೆ ಇಸ್ತ್ರಿಪೆಟ್ಟಿಗೆಯ ವಿಧಾನ ಹೊಸಬರಿಗೆ ಸುಲಭವೆಂದು ನನಗನಿಸುವುದಿಲ್ಲ. ಹಿಂಬದಿಗೆ ಕಾಗದ ಅಥವಾ ತೆಳು ಬಟ್ಟೆ ಅಂಟಿಸಿದ, ಸುತ್ತಿ ಕೊಡುವ ವಿನಿಯರ್ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ದೊರೆಯುತ್ತದೆ. ಅದು ಅಗಲವಾಗಿರುವುದರಿಂದ ಬಾಸ್ ಡ್ರಮ್ಮಿಗೂ ಒಂದೇ ತುಂಡು ಸಾಕು, ಹಿಂಬದಿಯ ಪದರದಿಂದಾಗಿ ಸೀಳುವುದಿಲ್ಲ. ಲ್ಯಾಮಿನೇಟಿಗೆ ಬಳಸುವ ಹಳದಿ ರಬ್ಬರ್ ಅಂಟನ್ನು ಎರಡೂ ಮುಖಕ್ಕೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಲು ಹತ್ತು ಹದಿನೈದು ನಿಮಿಷ ಬಿಟ್ಟು ಕೂಡಿಸಿದರೆ ಕೆಲಸ ಮುಗಿಯಿತು. ನೀವು ಲ್ಯಾಮಿನೇಟ್ ಕೆಲಸ ಮಾಡಿದವರಾದ್ದರಿಂದ ಕೈಗೆ ಅಭ್ಯಾಸವೂ ಇರುತ್ತದೆ. ತಾಗಿದ ಕ್ಷಣವೇ ಹಿಡಿಯುವ ಅಂಟಾದ್ದರಿಂದ ನಡುವೆ ಬೆಣ್ಣೆಕಾಗದ ಇಟ್ಟು, ಅದನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ಸುತ್ತಿರಿ. ಕಿಟಕಿ ಬಾಗಿಲು ತೆರೆದಿರಲಿ, ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಒಲೆ ಹಚ್ಚದಿರಲಿ.

ಅಂಟಿಗಿಂತ ಮುಖ್ಯವಾದ ಎರಡು ಸಂಗತಿಗಳಿವೆ. ಮೊದಲನೆಯದು ಹಳೆಯ ಹೊದಿಕೆ ತೆಗೆಯುವುದು. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಸಾಕು, ಜೋಡಣೆಯಿಂದ ಆರಂಭಿಸಿ ಪುಟ್ಟಿ ಹಚ್ಚುವ ಪಟ್ಟಿಯನ್ನು ಚಪ್ಪಟೆಯಾಗಿ ತೂರಿಸುತ್ತಾ ಹೋಗಿರಿ; ಅವಸರಿಸಿದರೆ ಮರದ ಮೇಲ್ಪದರವೂ ಕಿತ್ತು ಬರುತ್ತದೆ. ಕೆಲವು ಸೆಟ್ಟುಗಳಲ್ಲಿ ಹೊದಿಕೆಯನ್ನು ತುದಿಗಳಲ್ಲಿ ಮಾತ್ರ ಅಂಟಿಸಿರುತ್ತಾರೆ, ನಿಮ್ಮದು ಸುರುಳಿ ಬಿಚ್ಚಿಕೊಂಡಿರುವುದನ್ನು ನೋಡಿದರೆ ಆ ಅದೃಷ್ಟ ನಿಮಗಿರಬಹುದು. ಇದನ್ನು ಓದುವವರಲ್ಲಿ ಯಾರ ಬಳಿಯಾದರೂ 1960ರ ದಶಕದ ಅಥವಾ ಅದಕ್ಕೂ ಹಳೆಯ ಲಡ್ವಿಗ್, ಗ್ರೆಟ್ಷ್, ಸ್ಲಿಂಗರ್‌ಲ್ಯಾಂಡ್ ಸೆಟ್ಟು ಇದ್ದರೆ ಅದರ ಮುತ್ತಿನ ಹೊಳಪಿನ ಹೊದಿಕೆ ಸೆಲ್ಯುಲಾಯ್ಡ್ ಆಗಿರುವ ಸಂಭವ ಹೆಚ್ಚು, ಅದು ಸುಲಭವಾಗಿ ಬೆಂಕಿ ಹಿಡಿಯುವ ವಸ್ತು. ಅದಕ್ಕೆ ಹೀಟ್ ಗನ್ ಹಿಡಿಯಬಾರದು. ಅಷ್ಟೇ ಅಲ್ಲ, ಅದನ್ನು ಕೀಳಲೂಬಾರದು. 1963ರಲ್ಲಿ ಬೀಟಲ್ಸ್ ತಂಡದ ಡ್ರಮ್ಮರ್ ರಿಂಗೋ ಸ್ಟಾರ್ ಕೊಂಡ ಲಡ್ವಿಗ್ ಸೆಟ್ಟಿಗಿದ್ದ ಕಪ್ಪು ಆಯಿಸ್ಟರ್ ಪರ್ಲ್ ಹೊದಿಕೆಗಾಗಿ ಜನ ಇಂದಿಗೂ ಹಂಬಲಿಸುತ್ತಾರೆ.

ಎರಡನೆಯದು ಹೆಡ್ ಕೂರುವ ಸಡಿಲ. 0.6 ಮಿಲಿಮೀಟರ್ ಹಾಳೆ ಎರಡು ಬದಿ ಸೇರಿ ವ್ಯಾಸಕ್ಕೆ 1.2 ಮಿಲಿಮೀಟರ್ ಸೇರಿಸುತ್ತದೆ, ಅಂಟು ಮತ್ತು ಪಾಲಿಶ್ ಬೇರೆ. ಪ್ಲಾಸ್ಟಿಕ್ ಹೊದಿಕೆ ತೆಗೆದುದರಿಂದ ಅಷ್ಟು ಜಾಗ ಸಿಗಬಹುದು, ಸಿಗದೆಯೂ ಹೋಗಬಹುದು. ನನ್ನ ಮೊದಲ ಸೆಟ್ಟಿನಲ್ಲಿ ಇದನ್ನು ನೋಡದೆ ಮೂರು ಕೋಟಿಂಗ್ ಪಾಲಿಶ್ ಹೊಡೆದು, ಹೆಡ್ ಹಾಕಲು ಹೋದರೆ ಅದು ಮಡಕೆಯ ಮೇಲಿನ ಬಿಗಿ ಮುಚ್ಚಳದಂತೆ ಅರ್ಧಕ್ಕೇ ನಿಂತಿತು. ಹೆಡ್ ಯಾವ ಒತ್ತಡವೂ ಇಲ್ಲದೆ ಕೈಯಲ್ಲಿ ತಿರುಗಬೇಕು, ಇಲ್ಲವಾದರೆ ಡ್ರಮ್ ಶ್ರುತಿಗೆ ಕೂರುವುದೇ ಇಲ್ಲ. ಹೆಡ್ ಒರಗುವ ಶೆಲ್ಲಿನ ಅಂಚಾದ ಬೇರಿಂಗ್ ಎಡ್ಜಿನಿಂದ ಕೆಳಗೆ ಅರ್ಧ ಅಂಗುಲದವರೆಗೆ ವಿನಿಯರನ್ನು ಇಳಿಜಾರಾಗಿ ಉಜ್ಜಿ ತೆಳ್ಳಗೆ ಮಾಡಿದರೆ ಸಾಮಾನ್ಯವಾಗಿ ಸಾಕಾಗುತ್ತದೆ, ಆ ಭಾಗ ಹೆಡ್ಡನ್ನು ಹಿಡಿಯುವ ಬಳೆಯಾದ ಹೂಪಿನ ಮರೆಯಲ್ಲೇ ಇರುವುದರಿಂದ ಅಂದವೂ ಕೆಡುವುದಿಲ್ಲ.

ಉಳಿಸುತ್ತಿಗೆ, ಶಿವಮೊಗ್ಗ

ಹೆಡ್ ವಿಚಾರದಲ್ಲಿ ಎಡಗೈಯವರ ಮಾತು ಸರಿ, ನಾನು ಬರೆಯಲು ಮರೆತಿದ್ದೆ. ಕಾಗದದ ಹಿಂಬದಿಯಿರುವ ಹಾಳೆಗೆ ರಬ್ಬರ್ ಅಂಟು ನಡೆಯುತ್ತದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಕಡಲತಡಿಯವರು ನೋಡಿರುವುದು ಬರಿಯ ಹಾಳೆ. ಅದರ ರಂಧ್ರಗಳ ಮೂಲಕ ಲ್ಯಾಕರಿನ ಥಿನ್ನರ್ ಇಳಿದು ರಬ್ಬರ್ ಅಂಟನ್ನು ಮೆತ್ತಗೆ ಮಾಡಿ ಗುಳ್ಳೆ ಎಬ್ಬಿಸುವುದನ್ನು ನನ್ನ ಕಾರ್ಖಾನೆಯಲ್ಲೇ ಕಂಡಿದ್ದೇನೆ. ಗುಳ್ಳೆಗಳು ಎದ್ದದ್ದು ಮಾಲು ಗಿರಾಕಿಯ ಮನೆ ಸೇರಿದ ಮೂರನೆಯ ವಾರ. ಆ ಅಂಟು ಒಣಗಿದ ಮೇಲೂ ರಬ್ಬರಿನ ಹಾಗೆ ಸ್ವಲ್ಪ ಎಳೆದುಕೊಳ್ಳುತ್ತದೆ, ಮರ ಕುಗ್ಗಿದಾಗ ಹಿಡಿದು ನಿಲ್ಲಿಸುವುದಿಲ್ಲ. ಇಸ್ತ್ರಿಗೆ ಹೆದರುವವರು ಬಿಳಿ ಅಂಟನ್ನು ಹಸಿಯಿದ್ದಾಗಲೇ ಕೂಡಿಸಿ, ಮೇಲೆ ಪಾಲಿಥೀನ್ ಹಾಳೆ ಹಾಕಿ, ಪಂಕ್ಚರ್ ಅಂಗಡಿಯಲ್ಲಿ ಸಿಗುವ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಎಳೆದೆಳೆದು ಸುತ್ತಿ ಒಂದು ರಾತ್ರಿ ಬಿಡಬಹುದು. ಕ್ಲ್ಯಾಂಪು ಇಲ್ಲದವರಿಗೆ ಇದಕ್ಕಿಂತ ಅಗ್ಗದ, ಸಮನಾದ ಒತ್ತಡ ಬೇರೊಂದಿಲ್ಲ. ಒಳಗೆ ಬಲವರ್ಧನೆಯ ಬಳೆ ಇಲ್ಲದ ತೆಳು ಶೆಲ್ ಆಗಿದ್ದರೆ ಮಾತ್ರ ಅದೇ ವ್ಯಾಸದ ಹಲಗೆಯ ಬಿಲ್ಲೆಯೊಂದನ್ನು ಒಳಗೆ ಕೂರಿಸಿ, ಇಲ್ಲವಾದರೆ ದುಂಡು ಮೊಟ್ಟೆಯಾದೀತು.

ಮರಳುನಾಡಿನಿಂದ, ದುಬೈ

ನಾನು ಉಡುಪಿಯವನು, ಇಲ್ಲಿ ನೆಲಸಿ ಒಂಬತ್ತು ವರ್ಷವಾಯಿತು. ಊರಿಗೆ ಬಂದಿದ್ದಾಗ ಮಳೆಗಾಲದಲ್ಲೇ ಒಂದು 14 ಅಂಗುಲದ ಮರದ ಸ್ನೇರ್‌ಗೆ ವಿನಿಯರ್ ಅಂಟಿಸಿ, ಎಳೆಯನ್ನು ಮೇಲಿನಿಂದ ಕೆಳಕ್ಕೆ ಇಟ್ಟು, ಅದನ್ನು ಇಲ್ಲಿಗೆ ತಂದೆ. ಹಗಲಿರುಳು ಹವಾನಿಯಂತ್ರಣ ಓಡುವ ಕೋಣೆಯಲ್ಲಿ ಎರಡೇ ತಿಂಗಳಿಗೆ ಜೋಡಣೆಗಳೆಲ್ಲ ಉಗುರು ಹೋಗುವಷ್ಟು ಬಾಯಿ ಬಿಟ್ಟವು. ಉಳಿಸುತ್ತಿಗೆಯವರು ಹೇಳಿದ ಎಳೆಯ ಲೆಕ್ಕ ನನಗೆ ಅಂದೇ ತಿಳಿದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಮಾತು. ಬೀಟೆಯ ವಿನಿಯರ್ ಆಸೆ ಯಾರಿಗಾದರೂ ಇದ್ದರೆ, ಬೀಟೆಯೂ ಸೇರಿದಂತೆ ಆ ಕುಲದ ಮರಗಳೆಲ್ಲವೂ 2017ರಿಂದ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ ಎಂಬುದು ನೆನಪಿರಲಿ. ಸಿದ್ಧಗೊಂಡ ವಾದ್ಯಗಳಿಗೆ 2019ರಲ್ಲಿ ಸಡಿಲಿಕೆ ಬಂತು, ಬಿಡಿ ಹಾಳೆಗಳನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ದೇಶ ದಾಟುವುದು ಬೇರೆ ಸಂಗತಿ. ತೇಗಕ್ಕೆ ಆ ತೊಡಕಿಲ್ಲ.

ಹಲಸಿನ ಕಟ್ಟೆ, ಮೈಸೂರು

ನಾನು ಮೃದಂಗ ನುಡಿಸುವವನು, ಕುತೂಹಲದಿಂದ ಕೇಳುತ್ತಿದ್ದೇನೆ. ನಮ್ಮ ವಾದ್ಯದ ಒಡಲು ಹಲಸಿನ ಒಂದೇ ದಿಮ್ಮಿಯನ್ನು ಕೊರೆದು ಮಾಡಿದ್ದು. ಅದರ ಮೇಲೆ ಇನ್ನೊಂದು ಮರವನ್ನು ಅಂಟಿಸುವ ಯೋಚನೆಯೇ ನಮ್ಮಲ್ಲಿ ಯಾರಿಗೂ ಬಾರದು. ಡ್ರಮ್ಮಿನಲ್ಲಿ ಹೀಗೆ ಹೊದಿಸಿದರೆ ನಾದ ಮಂಕಾಗುವುದಿಲ್ಲವೇ?

ಎಡಗೈ ಡ್ರಮ್ಮರ್, ಬೆಂಗಳೂರು

ಸ್ವಾಮಿ, ಡ್ರಮ್ಮಿನ ಶೆಲ್ಲೇ ವಿನಿಯರ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಆದದ್ದು. ಆರು ಏಳು ಮಿಲಿಮೀಟರ್ ದಪ್ಪಕ್ಕೆ ಅರ್ಧ ಮಿಲಿಮೀಟರಿನ ಇನ್ನೊಂದು ಪದರ ಸೇರಿದರೆ ನನ್ನ ಕಿವಿಗಂತೂ ವ್ಯತ್ಯಾಸ ತಿಳಿದಿಲ್ಲ. ಹೆಡ್ ಬದಲಿಸಿದರೆ, ಬೇರಿಂಗ್ ಎಡ್ಜ್ ಸಮಮಾಡಿದರೆ ಆಗುವ ಬದಲಾವಣೆಯ ಮುಂದೆ ಅದು ಲೆಕ್ಕಕ್ಕಿಲ್ಲ. ಎಲ್ಲಿಯಾದರೂ ಅಂಟು ಹಿಡಿಯದೆ ಪೊಳ್ಳು ಉಳಿದರೆ ಮಾತ್ರ ಜಿರುಗುಡುತ್ತದೆ. ಬೆರಳಿನ ಗೆಣ್ಣಿನಿಂದ ಸುತ್ತಲೂ ತಟ್ಟಿ ನೋಡಿದರೆ ಪೊಳ್ಳು ಎಲ್ಲಿದೆ ಎಂಬುದು, ಮೃದಂಗದ ಕಿವಿ ಇರುವ ನಿಮಗೆ, ನಮಗಿಂತ ಬೇಗ ತಿಳಿದೀತು.

ಕಡಲತಡಿ, ಮಂಗಳೂರು

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಬರಿಯ ಹಾಳೆ, ಅಡ್ಡ ಎಳೆ, ಬಿಳಿ ಅಂಟು ಮತ್ತು ಇಸ್ತ್ರಿ ಎಂದು ನಿಶ್ಚಯಿಸಿ, ಮೊದಲು 12 ಅಂಗುಲದ ಟಾಮ್ ಒಂದನ್ನೇ ಮುಗಿಸಿದೆ. ಹೊದಿಕೆಯನ್ನು ನಿಜಕ್ಕೂ ತುದಿಗಳಲ್ಲಿ ಮಾತ್ರ ಅಂಟಿಸಿದ್ದರು, ಹತ್ತು ನಿಮಿಷದಲ್ಲಿ ಬಂತು. 13 ಅಂಗುಲದ್ದರಲ್ಲಿ ಮಾತ್ರ ಅಂಗೈ ಅಗಲದಷ್ಟು ಮೇಲ್ಪದರ ಕಿತ್ತುಬಂದು, ಪುಟ್ಟಿ ತುಂಬಿ 120ನೆಯ ಸಂಖ್ಯೆಯ ಪಾಲಿಶ್ ಕಾಗದದಿಂದ ಉಜ್ಜಬೇಕಾಯಿತು. ಹಾಳೆಯನ್ನು ಬೆಚ್ಚಗಿನ ನೀರಿನಲ್ಲಿ ಒದ್ದೆ ಮಾಡಿ ಒಂದು ರಾತ್ರಿ ಟ್ಯೂಬಿನಿಂದ ಶೆಲ್ಲಿಗೆ ಸುತ್ತಿಟ್ಟು, ಪೂರ್ತಿ ಒಣಗಿಸಿದ ಮೇಲೆ ಅಂಟು ಹಚ್ಚಿದ್ದರಿಂದ ಅದರ ಹಟ ಅರ್ಧಕ್ಕರ್ಧ ಇಳಿದಿತ್ತು.

ಲಗ್‌ಗಳ ರಂಧ್ರ ಕೊರೆಯುವಾಗ ಒಂದು ತಪ್ಪಾಯಿತು. ಮೊದಲ ಮೂರು ರಂಧ್ರಗಳಿಗೆ ಒಳಗಿನಿಂದ ಸಣ್ಣ ಸೂಜಿರಂಧ್ರ ಮಾಡಿ ಗುರುತು ಹಿಡಿದು, ಹೊರಗೆ ಟೇಪ್ ಅಂಟಿಸಿ ಹೊರಗಿನಿಂದ ಒಳಕ್ಕೆ ಕೊರೆದೆ, ಅಂಚು ನುಣುಪಾಗಿ ಬಂತು. ನಾಲ್ಕನೆಯದಕ್ಕೆ ಸೋಮಾರಿತನದಿಂದ ಒಳಗಿನಿಂದಲೇ ಡ್ರಿಲ್ಲು ತೂರಿಸಿದಾಗ ವಿನಿಯರ್ ಹೊರಕ್ಕೆ ಸಿಡಿದು ಕಾಲಂಗುಲದ ಚೂರು ಹಾರಿತು. ಪುಣ್ಯಕ್ಕೆ ಲಗ್ ಅದನ್ನು ಮುಚ್ಚುತ್ತದೆ. ಹೆಡ್ ಬಿಗಿಯಾಗಿಯೇ ಇತ್ತು. ಅರ್ಧ ಅಂಗುಲ ಇಳಿಜಾರು ಉಜ್ಜಿದ ಮೇಲೆ ಕೈಯಲ್ಲಿ ತಿರುಗತೊಡಗಿತು. 180 ಮತ್ತು 240ನೆಯ ಸಂಖ್ಯೆಯ ಕಾಗದದಿಂದ ಯಂತ್ರವಿಲ್ಲದೆ ಕೈಯಲ್ಲೇ ಉಜ್ಜಿ, ಸೀಲರ್ ಒಂದು ಸಲ, ಲ್ಯಾಕರ್ ನಾಲ್ಕು ಸಲ ಹೊಡೆದಿದ್ದೇನೆ. ಒಂದು ಮುಂಜಾನೆ ಇಬ್ಬನಿ ಆರುವ ಮೊದಲೇ ಹೊಡೆದ ಪದರ ಹಾಲಿನಂತೆ ಬೆಳ್ಳಗಾಯಿತು, ಅದನ್ನು ಉಜ್ಜಿ ತೆಗೆದು ಮಧ್ಯಾಹ್ನದ ಬಿಸಿಲು ಹೊತ್ತಿಗೆ ಮತ್ತೆ ಹೊಡೆಯಬೇಕಾಯಿತು.

ಬಾಸ್ ಡ್ರಮ್ಮಿನ ಎರಡು ಪಟ್ಟಿಗಳು ಈಗ ಕೂಡಿಕೊಂಡು ಹಲಗೆಯ ಅಡಿಯಲ್ಲಿ ಮಲಗಿವೆ. ಉಳಿದ ಚೂರುಗಳಿಂದ ಒಂದಂಗುಲ ಅಗಲದ ಪಟ್ಟಿ ಕತ್ತರಿಸಿ ಬಾಸ್‌ನ ಮರದ ಹೂಪ್‌ಗಳ ಮೈಮೇಲೆ ನಡುವೆ ಓಡುವ ಕಪ್ಪು ಪ್ಲಾಸ್ಟಿಕ್ ಪಟ್ಟಿಯ ಜಾಗಕ್ಕೆ ಕೂರಿಸಬೇಕೆಂದಿದ್ದೇನೆ. ಹೂಪಿನ ಮೇಲೆ ಕ್ಲಾದ (ಅದನ್ನು ಹಿಡಿಯುವ ಕೊಕ್ಕೆಯ) ಲೋಹ ಒತ್ತುವ ಕಡೆಗಳಲ್ಲಿ ವಿನಿಯರ್ ನಜ್ಜಾಗದಿರಲು ಅಡಿಗೆ ಚರ್ಮದ ತುಂಡು ಇಡುವುದು ಸರಿಯೇ, ಅಥವಾ ಆ ಹತ್ತು ಜಾಗಗಳಲ್ಲಿ ಹಳೆಯ ಪ್ಲಾಸ್ಟಿಕ್ಕನ್ನೇ ಉಳಿಸಿಕೊಳ್ಳಲೇ?

ಉಳಿಸುತ್ತಿಗೆ, ಶಿವಮೊಗ್ಗ

ಚರ್ಮವನ್ನೇ ಇಡಿರಿ. ಕಟ್ಟಿದ ಮೇಲೆ ವಾರ ಬಿಟ್ಟು ಒಮ್ಮೆ ಬಿಗಿ ನೋಡಿಕೊಳ್ಳಿರಿ, ಚರ್ಮ ಕುಸಿದು ಕ್ಲಾ ಸಡಿಲವಾಗಿರುತ್ತದೆ.